ಕೆನ್ನೆಗೆ ತಂಪಾಗದ ಹಾಳೆ

ಹಬ್ಬುವಾಡ, ಕಾರವಾರ
೫ ಆಗಸ್ಟ್ ೨೦೨೫

ಕಿಶನ ಅವರಿಗೆ,

ಹಬ್ಬುವಾಡದ ಈ ಬಾಡಿಗೆ ಕೋಣೆಗೆ ಬಂದ ಮೇಲೆ ನಿಮಗೆ ಒಂದು ಸಾಲು ಬರೆದವಳಲ್ಲ ನಾನು. ಈಗ ಬರೆಯುತ್ತಿದ್ದಾಳೆ ಅಂದರೆ ಏನೋ ಕೆಲಸ ಬಿದ್ದಿರಬೇಕು ಎಂದು ನೀವು ಅಂದುಕೊಂಡರೆ ತಪ್ಪೇನಿಲ್ಲ. ಮೊದಲು ಫೋನು ಮಾಡಿ ನೋಡಿದೆ. ನನ್ನ ನಂಬರನ್ನು ಬ್ಲಾಕ್ ಮಾಡಿಟ್ಟಿದ್ದೀರಿ. ಅತ್ತೆಯ ಫೋನಿಗೆ ಮಾಡಬಹುದಿತ್ತು. ಆದರೆ ಅವರು ಸ್ಪೀಕರ್ ಹಾಕದೆ ಮಾತಾಡಿದ್ದನ್ನು ನಾನು ಈವರೆಗೆ ಕಂಡಿಲ್ಲ. ನಮ್ಮಿಬ್ಬರ ವಿಷಯ ಹಾರವಾಡದ ಇಡೀ ಕೇರಿಗೆ ಬೇಡ. ಅದಕ್ಕೇ ಮೀನಿನ ಟೆಂಪೋದ ಪುಟ್ಟು ಅಣ್ಣನ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ.

ಕಳೆದ ತಿಂಗಳು ಬೇಲೆಕೇರಿ ಜೆಟ್ಟಿಗೆ ಬಂದು ನಾನು ನಿಮ್ಮ ಕೈಗೆ ಕೊಟ್ಟ ಬ್ಯಾಟರಿ ಪೆಟ್ಟಿಗೆ ನನಗೆ ವಾಪಸು ಬೇಕು. ನೂಲ ಹುಣ್ಣಿಮೆಗೆ ಸಮುದ್ರಕ್ಕೆ ಕಾಯಿ ಬಿಟ್ಟು ಮರುದಿನ ಬೋಟು ಹೊರಡುವ ಮೊದಲೇ ಬೇಕು. ಅದರ ಬದಲು ಹಳೆಯ ಬ್ಯಾಟರಿಯನ್ನೇ ಕ್ಯಾಬಿನ್ನಿನ ದೀಪಕ್ಕೆ ಜೋಡಿಸಿಕೊಳ್ಳಿ. ಪುಟ್ಟು ಅಣ್ಣ ನಾಳೆ ಬೇಲೆಕೇರಿಯಿಂದ ಹಿಂದಿರುಗುವಾಗ ಪೆಟ್ಟಿಗೆಯನ್ನು ಅವನ ಬದಿಯ ಸೀಟಿನ ಮೇಲೆ ಇಟ್ಟು ಕಳಿಸಿದರೆ ಸಾಕು. ಮಂಜುಗಡ್ಡೆಯ ಹತ್ತಿರ ಇಡುವುದು ಬೇಡ.

ಯಾಕೆ ಎಂದು ಕೇಳುತ್ತೀರಿ. ಅದೇ ಬಗೆಯ ಒಂದು ಸೆಲ್ ನನ್ನ ಬಳಿ ಉಳಿದಿತ್ತು. ಅದು ಸ್ವಲ್ಪ ಉಬ್ಬಿದೆ. ಹೆದರುವಂಥದ್ದೇನಲ್ಲ. ಕಿಟಕಿಯ ಹತ್ತಿರ ಇಟ್ಟಿದ್ದೆ, ಬಿಸಿಲಿಗೆ ಹಾಗಾಗಿರಬೇಕು. ಆದರೂ ನಿಮ್ಮಲ್ಲಿರುವುದನ್ನು ಒಮ್ಮೆ ಅಳತೆ ಮಾಡಿ ನೋಡುವುದು ಒಳ್ಳೆಯದು.

ಪೆಟ್ಟಿಗೆ ಕೊಟ್ಟ ದಿನ ನೀವು ಅದನ್ನು ಎತ್ತಿ ಹಿಡಿದು, ಇದರೊಳಗೆ ನಮ್ಮನೆ ಸಿಗಡಿ ಇದೆಯಾ ಎಂದು ನಕ್ಕಿದ್ದಿರಿ. ಆ ನಗೆ ಜನವರಿಯ ಮದುವೆಮನೆಯ ನಗೆಯಂತಿರಲಿಲ್ಲ. ಅಲ್ಲಿ ನೀವು ಹತ್ತು ಜನರ ಮುಂದೆ, ನನ್ನ ಹೆಂಡತಿ ಸಿಪ್ಪೆ ಕಲಿಯಲಿಕ್ಕೆ ಕಾಲೇಜಿಗೆ ಹೋಗುತ್ತಾಳೆ ಎಂದು ನಗಿಸಿದಿರಿ, ಮರುದಿನ ನಾನು ಚೀಲ ಹಿಡಿದು ಹೊರಟೆ. ಆದರೆ ಜೆಟ್ಟಿಯಲ್ಲಿ ಸಿಗಡಿ ಎಂದದ್ದು ನಿಜವೇ. ಅತ್ತೆಯ ಒಣಗಿಸುವ ಅಂಗಳದಿಂದ ಬಂದ ಸಿಗಡಿ ಸಿಪ್ಪೆಯೇ ಅದು. ಅದರಿಂದ ಕೈಟೋಸಾನ್ ಎಂಬ ಬಿಳಿ ಪುಡಿ ತೆಗೆದು, ಕರಗಿಸಿ, ಅಯಾನಿಕ ದ್ರವ ಬೆರೆಸಿ, ಗಾಜಿನ ತಟ್ಟೆಗೆ ಹುಯ್ದು ಒಣಗಿಸಿದರೆ ಎಳೆಯ ಬಾಳೆಸುಳಿಯಂಥ ತೆಳು ಹಾಳೆ ಬರುತ್ತದೆ. ಬ್ಯಾಟರಿಯ ಎರಡು ಬದಿಗಳ ನಡುವೆ ವಿದ್ಯುತ್ತಿನ ಕಣಗಳು ಓಡಾಡುವ ದಾರಿ ಆ ಹಾಳೆ. ಪೇಟೆಯ ಬ್ಯಾಟರಿಗಳಲ್ಲಿ ಆ ಜಾಗದಲ್ಲಿ ಬೆಂಕಿ ಹಿಡಿಯುವ ಎಣ್ಣೆಯಂಥ ದ್ರವ ಇರುತ್ತದೆ, ನಮ್ಮದರಲ್ಲಿ ಇಲ್ಲ. ಇದನ್ನೆಲ್ಲ ಜೆಟ್ಟಿಯಲ್ಲಿ ನಿಂತು ಹೆಮ್ಮೆಯಿಂದ ಹೇಳಿದ್ದೆ. ಆ ಹೆಮ್ಮೆ ಈಗಲೂ ಇದೆ. ಪೆಟ್ಟಿಗೆ ಮಾತ್ರ ಬೇಕು.

ಅತ್ತೆಯ ಮೊಣಕಾಲು ಹೇಗಿದೆ ಎಂದು ಪುಟ್ಟು ಅಣ್ಣನ ಹತ್ತಿರ ಹೇಳಿ ಕಳಿಸಿ.

ಅಮಿತಾ

ಮರೆತಿದ್ದೆ: ನಮ್ಮ ಕಾಲೇಜಿನ ಲ್ಯಾಬು ನೋಡಿಕೊಳ್ಳುವ ಮಂದಾಕಿನಿ ಮೇಡಂ ಎಲ್ಲಿಯಾದರೂ ಸಿಕ್ಕಿ ಕೇಳಿದರೆ, ಪೆಟ್ಟಿಗೆ ನಿಮ್ಮ ಬೋಟಿನಲ್ಲಿದೆ ಎಂದು ಹೇಳಬೇಡಿ. ಅದನ್ನು ಲ್ಯಾಬಿನಿಂದ ಹೊರಗೆ ತಂದದ್ದು ಅವರಿಗೆ ಗೊತ್ತಿಲ್ಲ.

*

ಹಾರವಾಡ
೬ ಆಗಸ್ಟ್

ಅಮಿತಾಳಿಗೆ,

ಕಾಗದ ಸಿಕ್ಕಿತು. ಪುಟ್ಟು ಅದನ್ನು ಬಂಗಡೆಯ ಬುಟ್ಟಿಯ ಮೇಲೆ ಇಟ್ಟುಕೊಂಡು ಬಂದಿದ್ದ. ನಿನ್ನ ಅಕ್ಷರಕ್ಕೆ ನಮ್ಮ ಮನೆಯ ವಾಸನೆ ಬಂದಿದೆ, ಬೇಜಾರು ಮಾಡಬೇಡ.

ಪೆಟ್ಟಿಗೆ ಕೊಡಲಿಕ್ಕೆ ಆಗುವುದಿಲ್ಲ. ಯಾಕೆ ಎಂದು ನಿನಗೂ ಗೊತ್ತಿರಬೇಕು, ಮೂರು ವರ್ಷ ಈ ಮನೆಯಲ್ಲಿ ಇದ್ದವಳು. ಮೊನ್ನೆ ಸೋಮವಾರ ಬೋಟಿಗೆ ಸಾಮಾನು ಹತ್ತಿಸಿ ಆಯಿತು. ಬಲೆ, ಹಗ್ಗ, ಒಲೆ, ಡೀಸೆಲ್ ಕ್ಯಾನು, ನಿನ್ನ ಪೆಟ್ಟಿಗೆ, ಎಲ್ಲದಕ್ಕೂ ಅಮ್ಮ ತನ್ನ ಕೈಯಾರೆ ಕುಂಕುಮ ಹಚ್ಚಿದಳು. ಕುಂಕುಮ ಹಚ್ಚಿ ಹತ್ತಿಸಿದ್ದನ್ನು ಮೊದಲ ಮೀನು ಬೋಟಿಗೆ ಬರುವವರೆಗೆ ಇಳಿಸುವ ಕ್ರಮ ನಮ್ಮಲ್ಲಿಲ್ಲ. ಒಂದು ಸೂಜಿಯನ್ನೂ ಇಳಿಸುವುದಿಲ್ಲ. ನಿನ್ನ ಕಾಗದದ ವಿಷಯ ದುರ್ಗಪ್ಪ ಚಿಕ್ಕಪ್ಪನಿಗೆ ಹೇಳಿ ನೋಡಿದೆ. ಅವನು ಬಾಯಲ್ಲಿದ್ದ ಎಲೆ ಅಡಿಕೆ ಉಗಿದು, "ಏ ಕಿಶನಾ, ಹತ್ತಿಸಿದ್ದು ಇಳಿಸೂದಾ? ಹೆಂಡ್ತಿ ಹೇಳ್ತು ಅಂತ ನಾಳೆ ಎಂಜಿನ್ನೂ ಬಿಚ್ಚಿ ಕೊಡ್ತ್ಯಾ?" ಎಂದ. ಉಳಿದವರು ನಕ್ಕರು. ಹತ್ತು ಜನರ ಮುಂದೆ ನಗಿಸಿಕೊಳ್ಳುವುದು ಹೇಗಿರುತ್ತದೆ ಎಂದು ನನಗೂ ಗೊತ್ತಾಯಿತು. ಇದನ್ನು ಓದಿ ನಿನಗೆ ಸಮಾಧಾನ ಆಗುವುದಾದರೆ ಆಗಲಿ.

ಇನ್ನೊಂದು ಮಾತು. ಮನೆಯಿಂದ ಹೋಗುವಾಗ ನಿನ್ನದೆಲ್ಲ ಒಯ್ದೆ. ಗೋಡೆಯ ಕನ್ನಡಿಯನ್ನೂ ಬಿಡಲಿಲ್ಲ, ಅಮ್ಮ ಈಗ ಫೋನಿನಲ್ಲಿ ಮುಖ ನೋಡಿಕೊಂಡು ತಲೆ ಬಾಚುತ್ತಾಳೆ. ಆಮೇಲೆ ಬಂದು ಒಂದು ವಸ್ತು ಕೊಟ್ಟೆ. ಅದನ್ನೂ ವಾಪಸು ಕೇಳುತ್ತಿದ್ದೀಯ. ಅಳತೆ ತೆಗೆಯಲಿಕ್ಕೆ ಬೇಕಂತೆ. ಆ ಪೆಟ್ಟಿಗೆ ತಂದು ಕೊಟ್ಟದ್ದು ನನಗೋ, ನಿನ್ನ ಅಳತೆಗೋ?

ದೀಪ ಚೆನ್ನಾಗಿ ಉರಿಯುತ್ತದೆ. ಹಳೆಯ ಬ್ಯಾಟರಿಗಿಂತ ಬೆಳಕು ಗಟ್ಟಿ. ಅದನ್ನು ಕ್ಯಾಬಿನ್ನಿನ ಹಲಗೆ ಮಂಚದ ಕೆಳಗೆ ಇಟ್ಟಿದ್ದೇನೆ, ಮಳೆ ತಾಗುವುದಿಲ್ಲ. ಅದರ ಮೇಲೆ ಮಲಗುವವನು ನಾನೇ. ನೀನು ಜೆಟ್ಟಿಗೆ ಬಂದು ಎಲ್ಲರ ಮುಂದೆ ಕೇಳಬೇಡ. ಕೇಳಿದರೆ ನಾನು ಸಿಟ್ಟಿನಲ್ಲಿ ಏನಾದರೂ ಹೇಳಿಬಿಡುತ್ತೇನೆ.

ಅಮ್ಮನ ಮೊಣಕಾಲು ಹಾಗೇ ಇದೆ.

ಕಿಶನ

ಕೊನೆಗೊಂದು: ನಿನ್ನ ಸೆಲ್ಲು ಸ್ವಲ್ಪ ಉಬ್ಬಿದೆ ಎಂದು ಬರೆದಿದ್ದೀಯ. ಸ್ವಲ್ಪ ಅಂದರೆ ಎಷ್ಟು? ಹಪ್ಪಳದ ಗುಳ್ಳೆಯಷ್ಟೋ, ಪೂರಿಯಷ್ಟೋ? ಸರಿಯಾಗಿ ಹೇಳು.

*

ಹಾರವಾಡ, ನಿಮ್ಮದೇ ಮನೆ
೯ ಆಗಸ್ಟ್, ನೂಲ ಹುಣ್ಣಿಮೆ

ಇವರಿಗೆ,

ಪೂರಿಯಷ್ಟು.

ಮೊದಲ ಸಾಲಿನಲ್ಲೇ ಅದನ್ನು ಬರೆದುಬಿಟ್ಟೆ, ಇಲ್ಲದಿದ್ದರೆ ಮತ್ತೆ ಸುತ್ತಿ ಬಳಸಿ ಮಾತಾಡುತ್ತೇನೆ. ನಾನು ಅತ್ತೆಯ ಅಡುಗೆಮನೆಯಲ್ಲಿ ಮಣೆಯ ಮೇಲೆ ಕೂತಿದ್ದೇನೆ. ಅತ್ತೆ ಎದುರಿಗೆ ಕೂತು ಕಾಯಿ ತುರಿಯುತ್ತಿದ್ದಾರೆ. ಸಮುದ್ರಕ್ಕೆ ಬಿಡುವ ಕಾಯಿಗೆ ಅರಿಶಿನ ಹಚ್ಚಿ ತಟ್ಟೆಯಲ್ಲಿ ಇಟ್ಟಾಗಿದೆ. ನಿನ್ನೆ ನಾನು ಜೆಟ್ಟಿಗೆ ಬಂದೆ. ಬರಬೇಡ ಅಂದಿದ್ದಿರಿ, ಬಂದೆ. ನನ್ನನ್ನು ಕಂಡದ್ದೇ ಸಣ್ಣ ದೋಣಿ ಹತ್ತಿ ನಡುನೀರಿನಲ್ಲಿ ನಿಂತಿದ್ದ ಬೋಟಿಗೆ ಹೋಗಿಬಿಟ್ಟಿರಿ. ನಾನು ದಡದಿಂದ ಕೂಗಿದ್ದು ನಿಮಗೆ ಕೇಳಿಸಿತು. ನೀವು ತಿರುಗಿ ನೋಡಲಿಲ್ಲ ಅಷ್ಟೇ.

ಇವತ್ತೂ ನಾನೇ ಬರುತ್ತೇನೆ ಎಂದು ಎದ್ದೆ. ಅತ್ತೆ ಸೆರಗು ಹಿಡಿದು ಕೂರಿಸಿದರು. "ತಂಗೀ, ಬಾಯಲ್ಲಿ ಹೇಳಿದ್ರೆ ಅಂವ ಬಾಯಲ್ಲೇ ತಿರುಗಿ ಕೊಡ್ತ. ಕಾಗದ ಆದ್ರೆ ಸುಮ್ನೆ ಕೂತು ಓದೂಕೇ ಬೇಕು. ಬರೆ. ನಾ ತಕಂಡು ಹೋಗ್ತೆ. ನನ್ನ ಕಂಡ್ರೆ ಅಂವ ದೋಣಿ ಹತ್ತೂದಿಲ್ಲ" ಎಂದರು. ಅದಕ್ಕೇ ಬರೆಯುತ್ತಿದ್ದೇನೆ. ಈ ಕಾಗದ ಕಾಯಿಯ ತಟ್ಟೆಯಲ್ಲಿ, ವೀಳ್ಯದೆಲೆಯ ಕೆಳಗೆ ನಿಮಗೆ ಬಂದು ಮುಟ್ಟುತ್ತದೆ. ದಯವಿಟ್ಟು ಕಾಯಿ ಬಿಡುವ ಮೊದಲೇ ಓದಿ.

ನನ್ನ ಸೆಲ್ ಬಿಸಿಲಿಗೆ ಉಬ್ಬಿದ್ದಲ್ಲ. ಕಿಟಕಿಯ ಕಥೆ ನಾನು ಕಟ್ಟಿದ್ದು. ಅದರೊಳಗೆ ನೀರು ಉಳಿದಿತ್ತು.

ಆ ಹಾಳೆಯನ್ನು ಒಣಗಿಸಲಿಕ್ಕೆ ಲ್ಯಾಬಿನಲ್ಲಿ ಗಾಳಿ ಎಳೆದು ತೆಗೆಯುವ ಒಲೆ ಇದೆ. ಜೂನಿನಲ್ಲಿ ಅದು ಕೆಟ್ಟಿತು. ರಿಪೇರಿಗೆ ಜನ ಬರುವವರೆಗೆ ಕಾಯಿರಿ ಎಂದು ಮೇಡಂ ಹೇಳಿ ರಜೆಗೆ ಹೋದರು. ನಾನು ಕಾಯಲಿಲ್ಲ. ಹುಣ್ಣಿಮೆಯ ಮೊದಲು ನಿಮಗೆ ಪೆಟ್ಟಿಗೆ ಮಾಡಿ ಕೊಡಬೇಕು ಎಂಬ ಹಟ ನನಗೆ. ಬಲ್ಬಿನ ಬಿಸಿಯಲ್ಲಿ, ಫ್ಯಾನಿನ ಕೆಳಗೆ ಹಾಳೆ ಒಣಗಿಸಿದೆ. ಒಣಗಿತೋ ಇಲ್ಲವೋ ಎಂದು ತಿಳಿಯಲಿಕ್ಕೆ ಏನು ಮಾಡಿದೆ ಗೊತ್ತೇ? ಅಂಚಿನಿಂದ ಒಂದು ತುಂಡು ಕತ್ತರಿಸಿ ಕೆನ್ನೆಗೆ ಒತ್ತಿ ನೋಡಿದೆ.

ಅತ್ತೆ ನನಗೆ ಕಲಿಸಿದ ಮೊದಲ ಪಾಠ ಅದು. ಮದುವೆಯಾಗಿ ಬಂದ ವರ್ಷ, ಈ ಅಂಗಳದಲ್ಲೇ, ಒಣಮೀನನ್ನು ನನ್ನ ಕೆನ್ನೆಗೆ ಹಿಡಿದು, "ತಂಪು ಹತ್ತಿದ್ರೆ ಇನ್ನೊಂದು ಬಿಸಿಲು ಬೇಕು ಮಗಾ, ಹತ್ತದಿದ್ರೆ ಡಬ್ಬಿಗೆ ಹಾಕು" ಎಂದಿದ್ದರು. ಒಂದು ಸಲವೂ ಆ ಪರೀಕ್ಷೆ ತಪ್ಪಿದ್ದಿಲ್ಲ. ಹಾಳೆ ನನ್ನ ಕೆನ್ನೆಗೆ ತಂಪಾಗಲಿಲ್ಲ. ಒಣಗಿದೆ ಎಂದು ಸೆಲ್ಲುಗಳಲ್ಲಿಟ್ಟು ಅಂಟಿಸಿಬಿಟ್ಟೆ.

ಆದರೆ ಅದು ಮೀನಲ್ಲ. ಮೀನಿನ ನೀರು ಆರುತ್ತಾ ಹೋಗುತ್ತದೆ, ಅದಕ್ಕೇ ಕೆನ್ನೆಗೆ ತಂಪು. ಅಯಾನಿಕ ದ್ರವ ಅಂದರೆ ನೀರಿನಲ್ಲಿ ಕರಗಿಸದೆಯೇ ದ್ರವವಾಗಿರುವ ಒಂದು ಜಾತಿಯ ಉಪ್ಪು. ನಾನು ಹಾಕಿದ ಉಪ್ಪು ನೀರನ್ನು ಕಂಡರೆ ಬಿಡುವಂಥದ್ದಲ್ಲ, ಎಳೆದು ತನ್ನೊಳಗೇ ಹಿಡಿದಿಟ್ಟುಕೊಳ್ಳುತ್ತದೆ. ಹಿಡಿದ ನೀರು ಆರುವುದಿಲ್ಲ, ಆರದಿದ್ದರೆ ತಂಪೂ ಇಲ್ಲ. ಮಳೆಗಾಲದಲ್ಲಿ ಈ ಅಡುಗೆಮನೆಯ ಉಪ್ಪಿನ ಭರಣಿ ತಾನೇ ನೀರಾಗುವುದನ್ನು ದಿನಾ ಕಂಡವಳು ನಾನು. ಈಗಲೂ ಅದು ನನ್ನ ಎದುರಿಗೇ ಇದೆ, ಬುಡದಲ್ಲಿ ಒದ್ದೆ ಬಳೆ ಬಿಟ್ಟುಕೊಂಡು ಕೂತಿದೆ. ಅದನ್ನು ನೋಡುತ್ತಾ ಬರೆಯುತ್ತಿದ್ದೇನೆ.

ಇನ್ನೊಂದು ಮೋಸ ಏನೆಂದರೆ, ನೀರಿದ್ದ ಹಾಳೆಯಲ್ಲಿ ಕರೆಂಟು ಚೆನ್ನಾಗಿ ಓಡುತ್ತದೆ. ನಾನು ಅಳತೆ ಮಾಡಿದಾಗ ಹಿಂದೆಂದೂ ಬರದಷ್ಟು ಒಳ್ಳೆಯ ಅಂಕಿ ಬಂತು. ಕುಣಿದಾಡಿದೆ. ಮೇಡಂ ರಜೆ ಮುಗಿಸಿ ಬಂದು ಆ ಅಂಕಿ ನಂಬಿ ವಿಜ್ಞಾನದ ಪತ್ರಿಕೆಗೆ ಲೇಖನ ಕಳಿಸಿದರು. ನಿಮ್ಮ ದೀಪದ ಗಟ್ಟಿ ಬೆಳಕನ್ನು ನೀವು ಹೊಗಳಿ ಬರೆದಿರಲ್ಲ, ಅದೂ ಆ ನೀರಿನದ್ದೇ ಆಟ.

ಸೆಲ್ಲಿನೊಳಗೆ ಲಿಥಿಯಂ ಎಂಬ ಲೋಹ ಇದೆ. ನೀರು ತಾಗಿದರೆ ಅದು ಅನಿಲ ಹುಟ್ಟಿಸುತ್ತದೆ. ಅದಕ್ಕೇ ಉಬ್ಬುವುದು. ಉಬ್ಬಿ ಒಡೆದರೆ ಆ ಅನಿಲಕ್ಕೆ ಬೆಂಕಿ ಹತ್ತುತ್ತದೆ. ಬೆಂಕಿ ಹಿಡಿಯದ ಬ್ಯಾಟರಿ ಎಂದು ಜೆಟ್ಟಿಯಲ್ಲಿ ನಿಂತು ಹೇಳಿದವಳೂ ನಾನೇ. ನಿಮ್ಮ ಪೆಟ್ಟಿಗೆಯ ಮೇಲೆ ನೀವು ಮಲಗುತ್ತೀರಿ, ಪಕ್ಕದಲ್ಲಿ ಒಲೆ, ಅದರ ಪಕ್ಕ ಡೀಸೆಲ್ ಕ್ಯಾನು. ನೀವಿಷ್ಟು ಜನ ದಡ ಕಾಣದಷ್ಟು ದೂರ ಹೋಗುವವರು. ನಿಮ್ಮ ಕಾಗದದಲ್ಲಿ ಆ ಸಾಲು ಓದಿದ ಮೇಲೆ ನನಗೆ ಅನ್ನ ಇಳಿದಿಲ್ಲ.

ಹಾಗಾದರೆ ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿ. ನಿಜ ಹೇಳಿದರೆ ಮೇಡಂಗೆ ಗೊತ್ತಾಗುತ್ತದೆ, ಲೇಖನ ಹೋಗುತ್ತದೆ, ನನ್ನ ಜಾಗವೂ ಹೋಗಬಹುದು ಎಂಬ ಹೆದರಿಕೆ. ಅದಕ್ಕಿಂತ ಹೆಚ್ಚು, ನೀವು ನಗುತ್ತೀರಿ ಎಂಬ ಹೆದರಿಕೆ. ಸಿಪ್ಪೆ ಕಲಿತವಳು ಸಿಪ್ಪೆಯನ್ನೇ ಒಣಗಿಸಲು ತಿಳಿಯದೆ ಹೋದಳು ಎಂದು.

ನಿನ್ನೆ ಜೆಟ್ಟಿಯಿಂದ ಸೀದಾ ಲ್ಯಾಬಿಗೆ ಹೋಗಿ ಮೇಡಂಗೆ ಎಲ್ಲ ಹೇಳಿದೆ. ಅವರು, "ಅಮಿತಾ, ಕೆನ್ನೆ ಯಾವ ಕಂಪನಿಯ ಮೀಟರಮ್ಮಾ?" ಎಂದರು. ನಗಲಿಲ್ಲ. ಆಮೇಲೆ ನನ್ನ ಸೆಲ್ಲನ್ನು ಮರಳಿನ ತೊಟ್ಟಿಯಲ್ಲಿಟ್ಟು ನಾವಿಬ್ಬರೂ ದೂರ ನಿಂತೆವು. ಕತ್ತಲಾಗುವ ಮೊದಲೇ ಅದು ಬಿರಿದು ಹೊಗೆಯಾಡಿತು. ಅದು ಒಂದೇ ಒಂದು ಸೆಲ್. ನಿಮ್ಮ ಪೆಟ್ಟಿಗೆಯಲ್ಲಿ ಅಂಥವು ಸಾಲಾಗಿ ಇವೆ.

ಮಧ್ಯಾಹ್ನದ ಬಸ್ಸಿಗೆ ನಾನು ಕಾರವಾರಕ್ಕೆ ಹೋಗಲೇಬೇಕು. ಲೇಖನ ಹಿಂದೆ ತೆಗೆದುಕೊಳ್ಳುತ್ತೇವೆ ಎಂದು ಮೇಡಂ ಜೊತೆ ಕೂತು ಬರೆದು ಕಳಿಸಬೇಕಾಗಿದೆ. ಮುಂದಿನದು ಗೊತ್ತಿಲ್ಲ. ಕುಂಕುಮದ ಕ್ರಮ ನನಗೂ ಗೊತ್ತು, ಅದನ್ನು ನಾನು ಸಣ್ಣದು ಮಾಡುವುದಿಲ್ಲ. ಆದರೆ ಅದನ್ನು ಹಚ್ಚಿದವರು ಅತ್ತೆ. ಅವರು ಈಗ ಎಲ್ಲ ಕೇಳಿಸಿಕೊಂಡಿದ್ದಾರೆ, ತುರಿಯುವುದನ್ನು ನಿಲ್ಲಿಸಿದ್ದಾರೆ.

ನೀವು ನಕ್ಕರೂ ಪರವಾಗಿಲ್ಲ. ಪೆಟ್ಟಿಗೆ ಇಳಿಸಿ.

ನಿಮ್ಮ
ಅಮಿತಾ

ಇದು ಬಹಳ ಮುಖ್ಯ: ಹೊಗೆ ಕಂಡರೂ, ಬಿಸಿಯಾದರೂ ಅದಕ್ಕೆ ನೀರು ಹಾಕಬೇಡಿ. ಒದ್ದೆ ಬಟ್ಟೆಯನ್ನೂ ತಾಗಿಸಬೇಡಿ. ಒಣ ಮರಳು ಮಾತ್ರ.

*

ಬೇಲೆಕೇರಿ
೧೧ ಆಗಸ್ಟ್

ಅಮಿತಾ,

ಎಲ್ಲರೂ ಇದ್ದೇವೆ. ಬೋಟೂ ಇದೆ. ನಿನ್ನೆ ಹೋಗಿ ಇವತ್ತು ಬೆಳಿಗ್ಗೆ ದಡಕ್ಕೆ ಬಂದೆವು. ಇದನ್ನು ಮೀನು ಹರಾಜಾಗುವ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ, ಕಾಗದಕ್ಕೆ ನೀರು ತಾಗಿದ್ದರೆ ಅದು ಮೀನಿನದ್ದು.

ಶನಿವಾರ ಅಮ್ಮ ತಟ್ಟೆ ಹಿಡಿದು ಜೆಟ್ಟಿಗೆ ಬಂದಾಗ ಬೋಟನ್ನು ಪೂಜೆಗಾಗಿ ದಡಕ್ಕೆ ತಂದು ಕಟ್ಟಿದ್ದೆವು. ಅವಳು ಯಾರ ಹತ್ತಿರವೂ ಮಾತಾಡದೆ ಸೀದಾ ಬೋಟು ಹತ್ತಿದಳು. ಮೊಣಕಾಲು ನೋವಿನವಳು, ಕೈ ಕೊಡಲಿಕ್ಕೆ ಹೋದರೆ ಕೈ ಕೊಡವಿದಳು. "ಓದು. ಓದಿ ಮುಗಿಯೂವರೆಗೆ ಯಾರೂ ಉಸಿರೆತ್ತೂದು ಬೇಡ" ಎಂದಳು. ನಾನು ಒಳಗೆ ಹೋಗಿ ಓದಿದೆ. ಓದಿ ಹೊರಗೆ ಬರುವಾಗ ನನ್ನ ಮುಖ ಹೇಗಿತ್ತೋ, ದುರ್ಗಪ್ಪ ಚಿಕ್ಕಪ್ಪ ತಮಾಷೆ ಮಾಡಲಿಕ್ಕೆ ಬಾಯಿ ತೆರೆದವನು ಮುಚ್ಚಿಕೊಂಡ.

ಇಳಿಸಬೇಕು ಎಂದೆ. ಚಿಕ್ಕಪ್ಪ ಒಪ್ಪಲಿಲ್ಲ. ಈ ಸಲ ನಗೆಯಾಡಲಿಲ್ಲ, ಹೆದರಿದ್ದ. ಅವನ ಅಣ್ಣ, ನಮ್ಮ ಅಪ್ಪ, ಸಮುದ್ರಕ್ಕೆ ಹೋದವನು ತಿರುಗಿ ಬರಲಿಲ್ಲವಲ್ಲ, ಆ ವರ್ಷ ಹೊರಡುವ ಹೊತ್ತಿಗೆ ಒಂದು ಹಗ್ಗ ಇಳಿಸಿದ್ದರಂತೆ. ಅದನ್ನು ಅವನು ಈವರೆಗೆ ನಮಗೆ ಯಾರಿಗೂ ಹೇಳಿದ್ದಿಲ್ಲ. "ಒಂದ್ಸಲ ನೋಡಾಗೀದು ಮಗಾ. ಇನ್ನೊಂದ್ಸಲ ನನ್ಹತ್ರ ಆಗೂದಿಲ್ಲ" ಎಂದ. ಅವನ ಎದುರಿಗೆ ಪೆಟ್ಟಿಗೆ ಎತ್ತಲು ನನಗೆ ಕೈ ಬರಲಿಲ್ಲ. ಹಾಗೇ ಬಿಡಲೂ ಆಗಲಿಲ್ಲ. ಮಂಚದ ಕೆಳಗಿನಿಂದ ಸುಯ್ ಎಂದು ಸಣ್ಣ ಸದ್ದು ಬರುತ್ತಿತ್ತು, ಕುಕ್ಕರಿನ ಸೀಟಿ ಹೊಡೆಯುವ ಮೊದಲು ಬರುತ್ತದಲ್ಲ, ಹಾಗೆ. ಎಲ್ಲರಿಗೂ ಕೇಳಿಸುತ್ತಿತ್ತು. ಯಾರೂ ಅಲುಗಲಿಲ್ಲ.

ಆಗ ಅಮ್ಮ ಕೇಳಿದಳು: "ದುರ್ಗಪ್ಪಾ, ಮೊದ್ಲ ಮೀನು ಬಂದ್ಮೇಲೆ ಇಳಿಸ್ಬಹುದಲಾ?"

"ಬಂದ್ಮೇಲೆ ಇಳಿಸ್ಬಹುದು ಅತ್ಗೆ. ಆದ್ರೆ ಮೀನು ಇಲ್ಲಿ ಎಲ್ಲದೆ?"

"ಸಮುದ್ರ ಇಲ್ಲೇ ಅದೆಯಲಾ. ಅದೇನು ಬೇರೆಯವ್ರದಾ?"

ಬಾಗಿಲ ಬದಿಗೆ ನೇತುಹಾಕಿದ್ದ ಬೀಸುಬಲೆಯನ್ನು ಎಳೆದು ಅವಳು ಚಿಕ್ಕಪ್ಪನ ಎದೆಗೆ ತಳ್ಳಿದಳು. ಅವನು ಬೋಟಿನ ಮೂಗಿನಲ್ಲಿ ನಿಂತು, ಜೆಟ್ಟಿಯ ಕಂಬದ ಬುಡಕ್ಕೆ ಬಲೆ ಬೀಸಿದ. ಎಣ್ಣೆ ತೇಲುವ ನೀರು, ಅಲ್ಲಿ ನಾಯಿ ಸಹ ಮೀನು ಹುಡುಕುವುದಿಲ್ಲ. ಮೊದಲ ಸಲ ಒಂದು ಪ್ಲಾಸ್ಟಿಕ್ ಬಾಟಲಿ ಬಂತು. ಎರಡನೇ ಸಲ ಪಾಚಿ. ಒಳಗಿನ ಸದ್ದು ದೊಡ್ಡದಾಗುತ್ತಿತ್ತು. ಮೂರನೇ ಸಲ ಬಲೆ ಎಳೆದಾಗ ಮಡಿಕೆಯಲ್ಲಿ ಬೆರಳುದ್ದದ ಒಂದು ಮೀನು ಪಟಪಟ ಅನ್ನುತ್ತಿತ್ತು. ಅದನ್ನು ಬೋಟಿನೊಳಗೆ ಎಸೆದು, "ಮೀನು ಬಂತು! ಎತ್ತಾ ಕಿಶನಾ!" ಎಂದು ಅವನು ಕಿರುಚಿದ ದನಿ ಅಂಕೋಲೆಗೆ ಕೇಳಿಸಿರಬೇಕು.

ಅಡಿಗಿಟ್ಟ ಹಲಗೆಯ ಸಮೇತ ಪೆಟ್ಟಿಗೆ ಎತ್ತಿ ಓಡಿದೆ. ಜೆಟ್ಟಿಯ ಆಚೆ ಮನೆ ಕಟ್ಟಲು ಯಾರೋ ತಾಡಪತ್ರಿ ಮುಚ್ಚಿಟ್ಟ ಮರಳಿನ ರಾಶಿ ಇತ್ತು. ಅದರಲ್ಲಿ ಹೂತು, ಜನರನ್ನು ದೂರ ಓಡಿಸಿ, ನಾನೂ ಓಡಿದೆ. ನಾವು ಜೆಟ್ಟಿಯ ಬಲೆಯ ರಾಶಿಯವರೆಗೂ ಮುಟ್ಟಿರಲಿಲ್ಲ, ಸೆಲ್ಲುಗಳು ಒಂದರ ಹಿಂದೆ ಒಂದು ಒಡೆದವು. ಮರಳಿನ ಒಳಗಿನಿಂದ ಬಿಳಿ ಬೆಂಕಿ ಎದ್ದಿತು. ಆಮೇಲೆ ಬರೀ ಹೊಗೆ. ಯಾರಿಗೂ ಏನೂ ಆಗಲಿಲ್ಲ. ನನ್ನ ಎಡಗೈಯ ರೋಮ ಸುಟ್ಟಿದೆ, ಅಷ್ಟೇ. ಮರಳಿನ ಯಜಮಾನ ಬಂದು ಬೈದ, ಅಮ್ಮ ಅವನಿಗೆ ತಿರುಗಿ ಬೈದಳು.

ಆ ಬೆರಳುದ್ದದ ಮೀನನ್ನು ಚಿಕ್ಕಪ್ಪ ಕಾಯಿಯ ಜೊತೆಗೇ ಸಮುದ್ರಕ್ಕೆ ಬಿಟ್ಟ. ಬಿಡುವಾಗ, "ಹೋಗಪಾ, ನಿನ್ನ ಕೆಲ್ಸ ಮುಗೀತು" ಎಂದ. ಅದು ಒಂದು ಸುತ್ತು ಹಾಕಿ ಕಂಬದ ಬುಡಕ್ಕೇ ಹೋಯಿತು. ಆಮೇಲೆ ಚಿಕ್ಕಪ್ಪ ನನ್ನ ಬದಿಗೆ ಬಂದು ಕೂತು, "ನಿನ್ನ ಹೆಂಡ್ತಿ ಹತ್ರ ಒಂದು ಕೇಳೂದದೆ. ಮುಂದಿನ ಪೆಟ್ಟಿಗೆ ಯಾವಾಗ ಮಾಡ್ತದೆ? ಮಾಡಿದ್ರೆ ಕೆನ್ನೆಗೆ ಹಚ್ಚೂದು ಬೇಡ ಅನ್ನು" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ನೀನು ಕೇಳಿಸಿಕೊಂಡಿದ್ದರೆ ನಿನಗೂ ಇದು ಮದುವೆಮನೆಯ ನಗೆಯಲ್ಲ ಎಂದು ಗೊತ್ತಾಗುತ್ತಿತ್ತು.

ಲೇಖನದ ವಿಷಯ, ನಿನ್ನ ಜಾಗದ ವಿಷಯ ಏನಾಯಿತು ಎಂದು ಬರೆ. ಲ್ಯಾಬಿನ ಒಲೆ ರಿಪೇರಿಯಾಗಿ ಮತ್ತೆ ಸಿಪ್ಪೆ ಬೇಕಾದರೆ ಹೇಳು. ಅಮ್ಮ ಈಗಲೇ ಬೇರೆ ಚೀಲದಲ್ಲಿ ಕಟ್ಟಿಡುತ್ತಿದ್ದಾಳೆ, ಬೇಡ ಅಂದರೂ ಕೇಳುವುದಿಲ್ಲ. ನಿನ್ನ ನಂಬರಿನ ಬ್ಲಾಕ್ ತೆಗೆದಿದ್ದೇನೆ. ಆದರೂ ಫೋನು ಬಂದರೆ ನನಗೆ ಏನು ಮಾತಾಡಬೇಕು ಎಂದು ತೋಚುವುದಿಲ್ಲ, ಸ್ವಲ್ಪ ದಿನ ಕಾಗದವೇ ಇರಲಿ. ಗುರುವಾರ ಐಸು ತರಲಿಕ್ಕೆ ಕಾರವಾರಕ್ಕೆ ಬರುವುದಿದೆ. ಹಬ್ಬುವಾಡದ ದಾರಿ ಪುಟ್ಟುವಿಗೆ ಗೊತ್ತಂತೆ.

ನಿನ್ನ
ಕಿಶನ

ಬರೆಯಬಾರದು ಎಂದುಕೊಂಡಿದ್ದೆ, ಬರೆಯದಿದ್ದರೆ ನಿದ್ದೆ ಬರುವುದಿಲ್ಲ: ನಿನ್ನ ಮೊದಲ ಕಾಗದ ಬಂದ ದಿನವೇ ನಾನು ಪೆಟ್ಟಿಗೆ ತೆರೆದು ನೋಡಿದ್ದೆ. ಎರಡು ಸೆಲ್ಲು ಹಪ್ಪಳದ ಹಾಗೆ ಎದ್ದಿದ್ದವು. ಎಷ್ಟು ಉಬ್ಬಿದೆ ಎಂದು ಅದಕ್ಕೇ ಕೇಳಿದ್ದು. ನೀನಾಗಿ ನಿಜ ಹೇಳುತ್ತೀಯೋ ನೋಡೋಣ ಎಂದು ಕಾದೆ, ಅಲ್ಲಿಯವರೆಗೆ ಬೆಂಕಿ ಹತ್ತದಿರಲಿ ಎಂದು ಅದರ ಮೇಲೆ ಗೋಣಿಚೀಲ ಮುಚ್ಚಿಟ್ಟೆ. ಒದ್ದೆ ಗೋಣಿ. ದಿನಾ ನಾನೇ ನೆನೆಸುತ್ತಿದ್ದೆ. ಶನಿವಾರ ಕ್ಯಾಬಿನ್ನಿನಲ್ಲಿ ನಿನ್ನ ಕಾಗದದ ಕೊನೆಯ ಸಾಲು ಓದುವಾಗ ನೀರು ತುಂಬಿದ ತಂಬಿಗೆ ನನ್ನ ಇನ್ನೊಂದು ಕೈಯಲ್ಲಿತ್ತು.